ಇಷ್ಟು ತಿಳಿದರೆ ಸಾಕೇ?

ಬ್ಯಾಂಕ್ ಅಧಿಕಾರಿ ಹುದ್ದೆಗಳ ಪರೀಕ್ಷೆಗಳಲ್ಲಿ ಒಂದು ವಿಚಿತ್ರ ಬಗೆಯ ಪ್ರಶ್ನೆಯುಂಟು. ಅಲ್ಲಿ ಲೆಕ್ಕದ ಉತ್ತರವನ್ನೇ ಕೇಳುವುದಿಲ್ಲ. ಒಂದು ಪ್ರಶ್ನೆ, ಅದರ ಕೆಳಗೆ ಎರಡು ಹೇಳಿಕೆಗಳು. ಮೊದಲನೆಯದೊಂದೇ ಸಾಕೋ, ಎರಡನೆಯದೊಂದೇ ಸಾಕೋ, ಎರಡೂ ಕೂಡಿದರೆ ಸಾಕೋ, ಕೂಡಿದರೂ ಸಾಲದೋ ಎಂಬುದನ್ನಷ್ಟೇ ನಿರ್ಣಯಿಸಬೇಕು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲಿಯೂ ಬರೆಯಬಹುದಾದುದರಿಂದ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯ ಮಕ್ಕಳಿಗೆ ಭಾಷೆಯ ಭಯ ತಗ್ಗಿದೆ. ಆದರೆ ತಪ್ಪು ಉತ್ತರವೊಂದಕ್ಕೆ ಕಾಲು ಭಾಗ ಅಂಕ ಕಳೆಯುವ ನಿಯಮವಿದೆ. ಊಹೆಯಿಂದ ಗುರುತು ಹಾಕಿದವನು ಗಳಿಸಿದ್ದನ್ನೂ ಕಳೆದುಕೊಳ್ಳುತ್ತಾನೆ; ಒಂದೆರಡು ಅಂಕಗಳಲ್ಲಿ ಉದ್ಯೋಗವೇ ಕೈತಪ್ಪಬಹುದು.

ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟ ಯಾತ್ರಿಕರಿಗೆ ಸತ್ತೇಗಾಲದಲ್ಲಿ ದಾಸೋಹ ಏರ್ಪಟ್ಟಿದೆಯೆಂದು ಭಾವಿಸೋಣ. ಸಾಲಿಗೆ 4 ಜನರಂತೆ ಕುಳಿತರೆ ಯಾರೂ ಉಳಿಯುವುದಿಲ್ಲ. ಇದು ಮೊದಲನೆಯ ಹೇಳಿಕೆ. ಸಾಲಿಗೆ 6 ಜನರಂತೆ ಕುಳಿತರೂ ಯಾರೂ ಉಳಿಯುವುದಿಲ್ಲ, ಇದು ಎರಡನೆಯದು. ಬಂದವರ ಸಂಖ್ಯೆ 12ರ ಅಪವರ್ತ್ಯವೇ? ಮೊದಲನೆಯದರಿಂದ ಮಾತ್ರ ಹೇಳಲಾಗದು: 8 ಜನರಿರಬಹುದು, 12 ಜನರಿರಬಹುದು. ಎರಡನೆಯದರಿಂದಲೂ ಆಗದು: 18 ಇರಬಹುದು, 24 ಇರಬಹುದು. ಎರಡನ್ನೂ ಕೂಡಿಸಿದರೆ 4 ಮತ್ತು 6ರ ಲ.ಸಾ.ಅ. 12 ಆದುದರಿಂದ ಉತ್ತರ ನಿಶ್ಚಯವಾಗಿ 'ಹೌದು'. ಕೂಡಿದರೆ ಸಾಕು.

ಈಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ: ಆ ಸಂಖ್ಯೆ 24ರ ಅಪವರ್ತ್ಯವೇ? ನಾಲ್ಕಾರಲೆ ಇಪ್ಪತ್ತನಾಲ್ಕು ಎಂದು ಮಗ್ಗಿ ಹೇಳಿ 'ಸಾಕು' ಎಂದು ಗುರುತು ಹಾಕುವ ವಿದ್ಯಾರ್ಥಿಗಳೇ ಹೆಚ್ಚು. 36 ಜನರಿದ್ದರೆ ನಾಲ್ಕರ ಒಂಬತ್ತು ಸಾಲು, ಆರರ ಆರು ಸಾಲು ಸರಿಯಾಗಿ ಕೂಡುತ್ತವೆ. 24 ಜನರ ಪಂಕ್ತಿ ಹಾಕಿದರೆ 12 ಜನ ಉಳಿಯುತ್ತಾರೆ. 48 ಜನರಿದ್ದರೆ ಯಾರೂ ಉಳಿಯರು. ಒಮ್ಮೆ 'ಇಲ್ಲ', ಒಮ್ಮೆ 'ಹೌದು'. ಆದುದರಿಂದ ಎರಡೂ ಕೂಡಿ ಸಾಲದು. 4 ಮತ್ತು 6ರಲ್ಲಿ 2 ಎಂಬ ಅಪವರ್ತನ ಸಾಮಾನ್ಯವಾಗಿ ಅಡಗಿರುವುದೇ ಇದಕ್ಕೆ ಕಾರಣ. 4 ಮತ್ತು 9 ಆಗಿದ್ದರೆ ಗುಣಿಸಿ 36 ಎನ್ನಬಹುದಾಗಿತ್ತು.

ಇನ್ನೊಂದು ಮಾತು. 'ಇಲ್ಲ' ಎಂಬುದೂ ಪೂರ್ಣ ಉತ್ತರವೇ. ಸಂಖ್ಯೆ 6ರ ಅಪವರ್ತ್ಯವೇ ಎಂದು ಕೇಳಿ, ಅದು ಬೆಸಸಂಖ್ಯೆ ಎಂದು ತಿಳಿಸಿದರೆ ಖಂಡಿತ ಅಲ್ಲ, ಹೇಳಿಕೆ ಸಾಕಾಯಿತು. ಎಷ್ಟೋ ಮಕ್ಕಳು ಇಲ್ಲಿ 'ಸಾಲದು' ಎನ್ನುತ್ತಾರೆ.

ಈ ವಿಚಾರ ಹೊರಗಿನಿಂದ ಬಂದುದೆಂದು ತಿಳಿಯಬೇಕಾಗಿಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಲ.ಸಾ.ಅ.ವನ್ನು ಅವರು 'ನಿರುದ್ಧ'ವೆಂದು ಕರೆದರು. 1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಹೊರತಂದರು. ಆಗ ಕೊಳ್ಳೇಗಾಲವೂ ಮದರಾಸು ಪ್ರಾಂತಕ್ಕೇ ಸೇರಿತ್ತು!

ಅದರಲ್ಲೊಂದು ಲೆಕ್ಕವಿದೆ. ಸಮನಾದ 63 ರಾಶಿ ಬಾಳೆಹಣ್ಣು, ಮೇಲೆ 7 ಬಿಡಿ ಹಣ್ಣು. 23 ಪಯಣಿಗರಿಗೆ ಸಮನಾಗಿ ಹಂಚಿದರೆ ಏನೂ ಉಳಿಯುವುದಿಲ್ಲ. ರಾಶಿಯಲ್ಲಿ ಎಷ್ಟು ಹಣ್ಣು? (ಅರವತ್ತುಮೂರೆಂದೊಡನೆ ನಮಗೆ ಪುರಾತನರ ನೆನಪಾಗುತ್ತದೆ, ಜೈನರಲ್ಲಿಯೂ ಅರವತ್ತುಮೂರು ಶಲಾಕಾಪುರುಷರಿದ್ದಾರೆ. ಆಚಾರ್ಯರ ಮನಸ್ಸಿನಲ್ಲಿ ಏನಿತ್ತೋ!) ರಾಶಿಗೆ 5 ಎಂದರೆ ಒಟ್ಟು 322, ಒಬ್ಬೊಬ್ಬರಿಗೆ 14. ಆದರೆ ರಾಶಿಗೆ 28 ಇದ್ದರೂ ಒಟ್ಟು 1771, ಒಬ್ಬೊಬ್ಬರಿಗೆ 77. ಹೀಗೆ 23 ಕೂಡಿಸುತ್ತ ಹೋದಷ್ಟೂ ಉತ್ತರಗಳಿವೆ. ಅಂದಮೇಲೆ ರಾಶಿಯನ್ನು ನಿಶ್ಚಯಿಸಲು ಇಷ್ಟು ಸಾಲದು. ರಾಶಿಯ ಸಂಖ್ಯೆ ಬೆಸವೆಂದು ಸೇರಿಸಿದರೂ 5, 51 ಮೊದಲಾದ ಹಲವು ದಾರಿಗಳು ಉಳಿಯುತ್ತವೆ. ರಾಶಿಯಲ್ಲಿ 20ಕ್ಕಿಂತ ಕಡಿಮೆ ಎಂದರೆ 5 ಒಂದೇ ನಿಲ್ಲುತ್ತದೆ, ಆಗ ಸಾಕು.

ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕೇಳಬಹುದಾದ ಒಂದು ಪ್ರಶ್ನೆ: ಒಂದು ಪೂರ್ಣಾಂಕದ ವರ್ಗವು 12ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆ ಪೂರ್ಣಾಂಕವೂ 12ರಿಂದ ಭಾಗವಾಗುವುದೆಂದು ಹೇಳಲು ಇಷ್ಟು ಸಾಕೇ? 6 ಮತ್ತು 12 ಎರಡನ್ನೂ ಇಟ್ಟು ನೋಡಲಿ.