ಫ್ರಿಜ್ಜಿನ ಮೂಲೆಯ ಗುಟ್ಟು

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ಏಳು ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾನು ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದೇನೆ. ತೂಕ ಇಳಿಸುವ ಸೂಜಿ. ಇದನ್ನು ಬರೆಯಲು ಇಷ್ಟು ದಿನ ಏಕೆ ಬೇಕಾಯಿತು ಎಂಬುದೇ ಈ ಲೇಖನದ ವಿಷಯ.

ನನ್ನದು ಐದಡಿ ಒಂದಂಗುಲದ ಎತ್ತರ, ಎಂಬತ್ತೆರಡು ಕೆಜಿ ತೂಕ, ಹತ್ತು ವರ್ಷದ ಸಕ್ಕರೆ ಕಾಯಿಲೆ. ಮೆಟ್ಟಿಲು ಹತ್ತಿ ಎಂಟನೇ ತರಗತಿಗೆ ಹೋಗುವಷ್ಟರಲ್ಲಿ ಮಂಡಿ ಅಳುತ್ತಿತ್ತು. ಕೋಲಾರದ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ನಮ್ಮ ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ, ನನಗೆ ಮೇದೋಜೀರಕ ಗ್ರಂಥಿಯ ಊತ ಬಂದಿತ್ತೇ ಎಂದು ವಿಚಾರಿಸಿ, ಟಿರ್ಜೆಪಟೈಡ್ ಎಂಬ ಔಷಧಿಯನ್ನು ಬರೆದುಕೊಟ್ಟರು. ಮೊದಲ ನಾಲ್ಕು ವಾರ 2.5 ಮಿಲಿಗ್ರಾಂ, ಆಮೇಲೆ 5. ನಾನು ನುಂಗುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಎರಡೂ ಸೇರಿದರೆ ಸಕ್ಕರೆ ತೀರಾ ಕುಸಿದು ತಲೆಸುತ್ತಿ ಬೀಳಬಹುದು ಎಂದರು. ಎಲ್ಲವೂ ಕ್ರಮವಾಗಿಯೇ ನಡೆಯಿತು. ಕ್ರಮ ತಪ್ಪಿದ್ದು ನಾನು ಮನೆಗೆ ಬಂದ ಮೇಲೆ.

ಪೆನ್ನಿನ ಪೆಟ್ಟಿಗೆಯನ್ನು ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ, ದೋಸೆ ಹಿಟ್ಟಿನ ಡಬ್ಬಿಯ ಮರೆಯಲ್ಲಿ ಬಚ್ಚಿಟ್ಟೆ. ಯಜಮಾನರಿಗೆ ಗೊತ್ತಿತ್ತು. ಇನ್ನಾರಿಗೂ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ "ಏನ್ ಮೇಡಂ, ಇಷ್ಟು ಇಳಿದುಬಿಟ್ಟಿದ್ದೀರಿ!" ಎಂದವರಿಗೆ "ರಾತ್ರಿ ಮುದ್ದೆ ಬಿಟ್ಟೆ ಕಣ್ರಮ್ಮ, ಬೆಳಿಗ್ಗೆ ವಾಕಿಂಗು" ಎಂದೆ. ಪಾಪ, ಆ ಮಾತು ನಂಬಿ ಇಬ್ಬರು ರಾತ್ರಿಯೂಟ ಬಿಟ್ಟರು. ತೂಕ ಇಳಿಯದಿದ್ದಾಗ ತಮ್ಮ ಮನಸ್ಸೇ ಗಟ್ಟಿಯಿಲ್ಲವೆಂದು ತಮ್ಮನ್ನೇ ಬೈದುಕೊಂಡರು. ಮಕ್ಕಳಿಗೆ ಸತ್ಯ ಹೇಳಬೇಕೆಂದು ಪಾಠ ಮಾಡುವವಳು ನಾನು!

ಇದರ ಫಲ ಬಂದದ್ದು ಬಂಗಾರಪೇಟೆಯ ನನ್ನ ತಂಗಿಯ ಮಗಳ ಮೇಲೆ. ಮದುವೆಗೆ ಎರಡು ತಿಂಗಳಿತ್ತು. ರವಿಕೆ ಹೊಲಿಸಲೆಂದು ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದಳು. ಗಂಡಿನ ಕಡೆಯವರೊಬ್ಬರು "ಹುಡುಗಿ ಲಕ್ಷಣವಾಗಿದ್ದಾಳೆ, ಸ್ವಲ್ಪ ದಪ್ಪ" ಎಂದಿದ್ದರಂತೆ. ಐದಡಿ ಮೂರಂಗುಲ ಎತ್ತರಕ್ಕೆ ಐವತ್ತೆಂಟು ಕೆಜಿ. ಯಾವ ಲೆಕ್ಕದಲ್ಲಿ ದಪ್ಪವೋ ದೇವರೇ ಬಲ್ಲ. ದೋಸೆ ಹಿಟ್ಟು ತೆಗೆಯಲು ಹೋದವಳ ಕಣ್ಣಿಗೆ ಪೆಟ್ಟಿಗೆ ಬಿತ್ತು. ದೊಡ್ಡಮ್ಮ ಸಣ್ಣಗಾದ ಗುಟ್ಟು ಇದೇ ಎಂದುಕೊಂಡಳು. ಶುಕ್ರವಾರ ರಾತ್ರಿ ಹೊಸ ಸೂಜಿ ಹಾಕಿ, ನನ್ನ 5 ಮಿಲಿಗ್ರಾಂ ಪೆನ್ನಿನಿಂದ ಚುಚ್ಚಿಕೊಂಡಳು. ಶನಿವಾರ ಬೆಳಿಗ್ಗೆ ರೈಲು ಹತ್ತಿ ಊರಿಗೆ ಹೋದಳು.

ಆ ಪೆನ್ನಿನಲ್ಲಿ ನಾಲ್ಕೇ ಡೋಸು. ಭಾನುವಾರ ನನ್ನ ನಾಲ್ಕನೆಯದಕ್ಕೆಂದು ತೆಗೆದರೆ ಗುಂಡಿ ತಿರುಗಲೊಲ್ಲದು. ಕೆಟ್ಟಿರಬೇಕೆಂದುಕೊಂಡೆ. ಅಷ್ಟರಲ್ಲಿ ತಂಗಿಯ ಫೋನು: "ಅಕ್ಕಾ, ನೆನ್ನೆ ಮಧ್ಯಾಹ್ನದಿಂದ ಇವಳಿಗೆ ಒಂದೇ ಸಮ ವಾಂತಿ, ನೀರೂ ನಿಲ್ಲುತ್ತಿಲ್ಲ, ನರ್ಸಿಂಗ್ ಹೋಮಿನಲ್ಲಿ ಡ್ರಿಪ್ ಹಾಕಿದ್ದಾರೆ." ಡಾಕ್ಟರು ಏನು ತಿಂದೆ ಎಂದು ಕೇಳಿದ್ದಕ್ಕೆ ಹುಡುಗಿ "ಪಾನಿಪುರಿ" ಎಂದಿದ್ದಾಳೆ. ನಮ್ಮ ಬಂಗಾರಪೇಟೆಯ ತಿಳಿನೀರಿನ ಪಾನಿಪುರಿ ತಿನ್ನಲು ಬೆಂಗಳೂರಿನಿಂದ ಜನ ಬರುತ್ತಾರೆ. ಆ ದಿನ ಏನೂ ಅರಿಯದ ಗಾಡಿಯವನಿಗೆ ನನ್ನ ತಂಗಿಯಿಂದ ಬಿದ್ದ ಶಾಪ ಅಷ್ಟಿಷ್ಟಲ್ಲ. ನನಗೆ ಮಾತ್ರ ತಿರುಗದ ಗುಂಡಿ ನೆನಪಾಗಿ ಕೈಕಾಲು ತಣ್ಣಗಾಯಿತು.

ಹೋಗಿ ಡಾಕ್ಟರ ಮುಂದೆ ಪೆನ್ನನ್ನಿಟ್ಟು ಎಲ್ಲ ಹೇಳಿದೆ. ಅವರು ಹೊಟ್ಟೆಯ ನೋವು ಬೆನ್ನಿಗೆ ಹರಿಯುತ್ತಿದೆಯೇ ಎಂದು ಅವಳನ್ನು ಕೇಳಿ, ಮೇದೋಜೀರಕ ಗ್ರಂಥಿಗೆ ಏಟು ಬಿದ್ದಿಲ್ಲವೆಂದು ರಕ್ತ ಪರೀಕ್ಷೆಯಿಂದ ಖಚಿತ ಮಾಡಿಕೊಂಡರು. ಮೂರನೆಯ ದಿನ ಹುಡುಗಿ ಗಂಜಿ ಕುಡಿದಳು. ಮದುವೆಯೂ ನಡೆಯಿತು, ಅದೇ ಐವತ್ತೆಂಟು ಕೆಜಿಯಲ್ಲಿ.

ತಪ್ಪು ಯಾರದು? ಹುಡುಗಿಯದೆಂದು ಎಲ್ಲರೂ ಹೇಳಿದರು. ನನ್ನದೆಂದು ನಾನು ಹೇಳುತ್ತೇನೆ. ಎಲ್ಲರಿಗೂ ಕಾಣುವಂತೆ ಇಟ್ಟು, "ಇದು ಸಕ್ಕರೆ, ತೂಕ ಎರಡೂ ಇರುವವಳ ಔಷಧಿ, ನಿನಗಲ್ಲ" ಎಂದಿದ್ದರೆ ಅವಳು ಮುಟ್ಟುತ್ತಿರಲಿಲ್ಲ. ಬಚ್ಚಿಟ್ಟದ್ದರಿಂದ ಅದು ಔಷಧಿಯಾಗಿ ಉಳಿಯಲಿಲ್ಲ, ಸೌಂದರ್ಯದ ಗುಟ್ಟಾಯಿತು.

ಹಾಗಾದರೆ ನಾವೇಕೆ ಬಚ್ಚಿಡುತ್ತೇವೆ? ಬಿ.ಪಿ. ಮಾತ್ರೆ ನುಂಗಿದರೆ ಯಾರೂ ನಗುವುದಿಲ್ಲ. ಇನ್ಸುಲಿನ್ ಚುಚ್ಚಿಕೊಂಡರೆ ಅಯ್ಯೋ ಎನ್ನುತ್ತಾರೆ. ತೂಕಕ್ಕೆ ಔಷಧಿ ಎಂದರೆ ಮಾತ್ರ "ಬಾಯಿ ಕಟ್ಟಲಾರದ ಸೋಮಾರಿ" ಎಂಬ ಬಿರುದು. ಊಟವಾದ ಮೇಲೆ ನಮ್ಮ ಕರುಳೇ ಒಂದು ಹಾರ್ಮೋನನ್ನು ಸ್ರವಿಸಿ "ಸಾಕು" ಎಂದು ಮಿದುಳಿಗೆ ಹೇಳಿಕಳಿಸುತ್ತದೆ. ಈ ಔಷಧಿ ಅದನ್ನೇ ಅನುಕರಿಸುತ್ತದೆ; ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಇದರಲ್ಲಿ ಸೋಮಾರಿತನದ ಮಾತೆಲ್ಲಿ ಬಂತು? ಆದರೆ ಇನ್ನೊಂದು ಕಡೆಯವರನ್ನೂ ನಾನು ಬಿಡುವುದಿಲ್ಲ. ಮದುಮಗಳಿಗೆ, ಬಾಣಂತನ ಮುಗಿದವಳಿಗೆ, ಸೀರೆ ಚೆನ್ನಾಗಿ ಕೂರಲೆಂದು ಆಸೆಪಟ್ಟವಳಿಗೆ ಡಾಕ್ಟರ ಚೀಟಿಯಿಲ್ಲದೆ ಇದನ್ನು ಕೊಡಿಸುವವರು ವ್ಯಾಪಾರ ಮಾಡುತ್ತಿದ್ದಾರೆ, ಉಪಕಾರವನ್ನಲ್ಲ. ಹಂಗಿಸುವವರು ನಮ್ಮನ್ನು ಮೂಲೆಗೆ ತಳ್ಳುತ್ತಾರೆ, ಮಾರುವವರು ಆ ಮೂಲೆಯಲ್ಲೇ ಕಾದಿರುತ್ತಾರೆ.

ಮುಚ್ಚಿಡುವುದರ ಬೆಲೆ ಏನೆಂದು ಕೆಜಿಎಫ್‌ನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಣಿಯ ಧೂಳು ಎದೆಗಿಳಿದು ಸಿಲಿಕೋಸಿಸ್ ಬಂದವರು, ಕೆಲಸ ಹೋದೀತೆಂದು ಕೆಮ್ಮನ್ನು ಮುಚ್ಚಿಟ್ಟ ಕಥೆಗಳನ್ನು ನಮ್ಮ ಮಾವನವರು ಹೇಳುತ್ತಿದ್ದರು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು. ಮುಚ್ಚಿಡುವ ಅಭ್ಯಾಸ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ಆದ್ದರಿಂದ ನನಗೆ ತಿಳಿದದ್ದನ್ನು ಬಾಯಿಬಿಟ್ಟು ಹೇಳುತ್ತೇನೆ. ನನ್ನ ಪೆಟ್ಟಿಗೆಯೊಳಗಿದ್ದ ಹಾಳೆ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವವರು ಬೇಡವೇ? ಪೆನ್ನನ್ನು ತಾಯಿ ಮಗಳೂ ಹಂಚಿಕೊಳ್ಳಬಾರದು. ಸೂಜಿ ಬದಲಾಯಿಸಿದರೂ ಒಬ್ಬರ ರಕ್ತದ ಸೋಂಕು ಇನ್ನೊಬ್ಬರಿಗೆ ಹೋಗಬಹುದು. ಪ್ರತಿ ಸಲ ಹೊಸ ಸೂಜಿ, ಹೊಕ್ಕುಳಿನಿಂದ ಎರಡಂಗುಲ ದೂರ, ವಾರಕ್ಕೊಂದು ಜಾಗ. ಒಂದು ವಾರ ಮರೆತರೆ ಮುಂದಿನ ವಾರ ಎರಡು ಹಾಕಿಕೊಳ್ಳಬಾರದು. ತೆರೆಯದ ಪೆನ್ನು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಐಸಿನ ಪಕ್ಕದಲ್ಲಿ ಹೆಪ್ಪುಗಟ್ಟಿದರೆ ಎಸೆಯಬೇಕು. ಬಳಸಿದ ಸೂಜಿಯನ್ನು ಕಸದ ಬುಟ್ಟಿಗೆ ಬಿಸಾಡಬೇಡಿ. ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಿ ಆಸ್ಪತ್ರೆಗೋ ಲ್ಯಾಬಿಗೋ ಕೊಡಿ. ನಮ್ಮ ಕಸಕ್ಕೆ ಕೈಹಾಕುವವಳೂ ಒಬ್ಬ ಹೆಂಗಸೇ.

ಬಸುರಿಯರಿಗೆ ಇದು ಸಲ್ಲದು. ಮಗು ಬೇಕೆಂದು ಯೋಚಿಸುತ್ತಿರುವವರು ಎಷ್ಟು ಮೊದಲೇ ನಿಲ್ಲಿಸಬೇಕೆಂದು ಡಾಕ್ಟರನ್ನು ಕೇಳಬೇಕು. ಟಿರ್ಜೆಪಟೈಡ್ ಶುರುಮಾಡಿದಾಗಲೂ ಡೋಸ್ ಏರಿಸಿದಾಗಲೂ ನಾಲ್ಕು ವಾರ ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬಬಾರದು. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವವರಿಗೆ ಮೊದಲೇ ಹೇಳಬೇಕು. ಹಸಿವಿಲ್ಲವೆಂದು ಬರೀ ಕಾಫಿ ಕುಡಿದು ಕೂತರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಬೇಳೆ, ಕಾಳು, ಮೊಟ್ಟೆ, ಮೊಸರು ಬಿಡಬಾರದು. ಬಿಡದ ವಾಂತಿ, ಬೆನ್ನಿಗೆ ಹರಿಯುವ ಹೊಟ್ಟೆನೋವು ಬಂದರೆ ಕಷಾಯ ಮಾಡುತ್ತ ಕೂರಬಾರದು, ಆಸ್ಪತ್ರೆಗೆ ಓಡಬೇಕು. ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುವುದೇ ಹೆಚ್ಚು. ಮದುವೆಗೆಂದು ಎರಡು ತಿಂಗಳು ಚುಚ್ಚಿಕೊಳ್ಳುವುದು ಹಣಕ್ಕೂ ಮೈಗೂ ನಷ್ಟ.

2025ರಲ್ಲಿ ಮೌಂಜಾರೋ, ವಿಗೋವಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. 2026ರ ಮಾರ್ಚಿನಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟೂ ಮುಗಿಯಿತು. ಇನ್ನು ಇದು ದೊಡ್ಡವರ ಮನೆಯ ಔಷಧಿಯಾಗಿಯೇ ಉಳಿಯುವುದಿಲ್ಲ. ನಿಮ್ಮ ಓರಗಿತ್ತಿಯ ಫ್ರಿಜ್ಜಿಗೂ ಬರುತ್ತದೆ. ಮೂಲೆಗೆ ಹೋಗುವ ಮೊದಲೇ ಅದನ್ನು ಮಾತಿಗೆ ತನ್ನಿ.

ಈಗ ನನ್ನ ಪೆಟ್ಟಿಗೆ ನಡುವಿನ ತಟ್ಟಿನಲ್ಲಿದೆ. ಮೇಲೆ ನನ್ನ ಹೆಸರು, ಹಾಕಿಕೊಂಡ ತಾರೀಖುಗಳು. ಕಳೆದ ತಿಂಗಳು ಸ್ಟಾಫ್ ರೂಮಿನಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. "ಸೂಜಿ ಹಾಕಿಕೊಳ್ತೀನಿ ಕಣ್ರಮ್ಮ, ಡಾಕ್ಟರ್ ಬರೆದುಕೊಟ್ಟದ್ದು" ಎಂದೆ. ಒಂದು ಗಳಿಗೆ ಯಾರೂ ಮಾತನಾಡಲಿಲ್ಲ. ಬೆಲ್ಲಾದ ಮೇಲೆ ಒಬ್ಬಾಕೆ ವರಾಂಡದಲ್ಲಿ ನನ್ನ ಹಿಂದೆಯೇ ಬಂದು, ಸೆರಗು ಸರಿಮಾಡಿಕೊಳ್ಳುತ್ತ, "ಮೇಡಂ, ನಾನೂ ಒಂದು ಪೆನ್ನು ತರಿಸಿಟ್ಟಿದ್ದೀನಿ, ಯಾರಿಗೂ ತೋರಿಸಿಲ್ಲ. ಸಕ್ಕರೆ ಮಾತ್ರೆ ತಗೊಳ್ತೀನಲ್ಲ, ಏನೂ ಆಗಲ್ಲ ಅಲ್ವಾ?" ಎಂದಳು. ಆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾವಿಬ್ಬರೂ ಕೋಲಾರದ ಬಸ್ಸು ಹತ್ತಿದೆವು.