ಅಜ್ಜಿಯ ‘ಮಮ್ಮು’ ಕೇಳಿ ನಗೋದು ನಿಲ್ಲಿಸಿ

ಮಕ್ಕಳ ಮಾತು, ಭಾಗ 4

1/6
ಮೊದಲು ನನ್ನ ತಪ್ಪು ಒಪ್ಕೊಂಡ್ಬಿಡ್ತೀನಿ. ಹೋದ ವರ್ಷ ಅಜ್ಜಿ ನಮ್ಮಕ್ಕನ ಮಗಳಿಗೆ ಊಟ ಮಾಡಿಸ್ತಾ, ‘ಮಮ್ಮು ಬೇಕಾ, ಮಮ್ಮು? ಅಗೋ ಕಾಕಾ! ಕಾಕಂಗೊಂದು ತುತ್ತು, ಪುಟ್ಟಿಗೊಂದು ತುತ್ತು’ ಅಂತ ರಾಗ ಎಳೀತಿದ್ರು. ನಾನು ಅದನ್ನ ವಿಡಿಯೊ ಮಾಡಿ, ನಗೋ ಎಮೋಜಿ ಅಂಟಿಸಿ ಸ್ಟೋರಿಗೆ ಹಾಕಿದೆ. ನಿಮ್ಮಲ್ಲೇ ಎಷ್ಟೋ ಜನ ನಕ್ಕಿದ್ರಿ. ವಿಷಯ ಅಜ್ಜಿಗೂ ಗೊತ್ತಾಯ್ತು. ಆಮೇಲೆ ನಾನು ಮನೇಲಿದ್ರೆ ಅವರು ಬರೀ ತುತ್ತು ಕೊಡ್ತಿದ್ರು. ಮಾತಿಲ್ಲ.

2/6
ನಾವು ನಕ್ಕಿದ್ದು ಯಾವುದಕ್ಕೆ ಗೊತ್ತಾ? ಮಗುವಿನ ಮೊದಲ ಪಾಠಕ್ಕೆ.
ದೊಡ್ಡವರ ಮಾತು ಮಗುವಿಗೆ ನಿಲ್ಲದೆ ಹರಿಯೋ ಸದ್ದು. ಒಂದು ಪದ ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು, ತಿಳಿಯಲ್ಲ. ಏರು ದನಿ, ಎಳೆದ ಸ್ವರ, ಚಿಕ್ಕ ವಾಕ್ಯ, ಒಂದೇ ಪದ ಮತ್ತೆ ಮತ್ತೆ: ಹೀಗೆ ಅಜ್ಜಿ ಪದವನ್ನ ಬಿಡಿಸಿ ಕೈಗೆ ಕೊಡ್ತಾರೆ. ಮಗು ಕಾಗೆ ಕಡೆ ನೋಡಿದ ಕ್ಷಣದಲ್ಲೇ ‘ಕಾಕಾ’ ಅಂತಾರೆ. ಕಣ್ಣು ಎಲ್ಲಿದೆಯೋ ಅದರದ್ದೇ ಹೆಸರು ಕಿವಿಗೆ ಬಿದ್ರೆ ಪದ ಬೇಗ ಅಂಟುತ್ತೆ.
ಇದು ಹಳ್ಳಿ ಮುದುಕಿಯರ ಹುಚ್ಚಾಟ ಅಲ್ಲ. 1964ರಲ್ಲೇ ಚಾರ್ಲ್ಸ್ ಫರ್ಗ್ಯುಸನ್ ಅನ್ನೋ ಭಾಷಾವಿಜ್ಞಾನಿ ಆರು ಭಾಷೆಗಳ ಇಂಥ ಮಾತನ್ನ ಹೋಲಿಸಿ ಬರೆದಿದ್ದರು. ಅದರಲ್ಲಿ ನಮ್ಮ ಪಕ್ಕದ ಮರಾಠಿಯೂ ಇತ್ತು.

3/6
‘ಫೋನಲ್ಲೂ ರೈಮ್ಸ್ ಬರುತ್ತಲ್ಲ, ಮಗು ಕಲಿಯುತ್ತೆ ಬಿಡಿ’ ಅಂತೀರಾ?
ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ತಂಡ 9 ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿತು, ಒಟ್ಟು 12 ಸಲ. ಕೆಲವರ ಎದುರು ಮನುಷ್ಯರೇ ಕೂತು ಆಟ ಆಡಿಸ್ತಾ ಓದಿದ್ರು. ಉಳಿದವರಿಗೆ ಅದೇ ಮಾತು ರೆಕಾರ್ಡಿಂಗ್‌ನಲ್ಲಿ. 2003ರಲ್ಲಿ ಬಂದ ಫಲಿತಾಂಶ: ಎದುರಿಗೆ ಮನುಷ್ಯರಿದ್ದ ಮಕ್ಕಳು ಆ ಭಾಷೆಯ ಧ್ವನಿ ವ್ಯತ್ಯಾಸ ಗುರುತಿಸೋದು ಕಲಿತರು. ರೆಕಾರ್ಡಿಂಗ್ ಮಕ್ಕಳು ಕಲೀಲಿಲ್ಲ.

4/6
ಹಾಗಂತ ಸ್ಕ್ರೀನ್ ಅಂದ್ರೆ ವಿಷ ಅಂತಲೂ ಅಲ್ಲ. 2014ರ ಇನ್ನೊಂದು ಅಧ್ಯಯನದಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳು ವಿಡಿಯೊ ಕಾಲ್‌ನಲ್ಲಿ ಹೊಸ ಕ್ರಿಯಾಪದ ಕಲಿತರು. ರೆಕಾರ್ಡ್ ಆದ ವಿಡಿಯೊದಿಂದ ಕಲೀಲಿಲ್ಲ. ಯಾಕೆ? ಕಾಲ್‌ನಲ್ಲಿರೋ ಮನುಷ್ಯ ಮಗು ‘ಆಂ’ ಅಂದ್ರೆ ‘ಆಂ? ಏನ್ ಬೇಕು?’ ಅಂತ ಕೇಳ್ತಾನೆ. ರೈಮ್ಸ್ ವಿಡಿಯೊ ತನ್ನ ಪಾಡಿಗೆ ಹಾಡ್ತಾ ಇರುತ್ತೆ. ದುಬೈನಲ್ಲಿರೋ ಮಾವ ದಿನಾ ಕಾಲ್ ಮಾಡಿ ಮಾತಾಡಿಸಲಿ, ಬಹಳ ಒಳ್ಳೇದು. ಆದ್ರೆ ಒಂದು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಮುಂದೆ ಕೂರಿಸೋದು ಬೇಡವೇ ಬೇಡ, 2 ವರ್ಷದ ಮಗುವಿಗೆ ದಿನಕ್ಕೆ 1 ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

5/6
ಈಗ ಬೈಯೋಕೆ ಬರ್ತೀರಿ, ಗೊತ್ತು. ‘ಕೆಲಸದಿಂದ ಸುಸ್ತಾಗಿ ಬಂದ ಅಮ್ಮ ಏನ್ ಮಾಡ್ಬೇಕು?’ ನ್ಯಾಯವಾದ ಪ್ರಶ್ನೆ. ಅದಕ್ಕೇ ನಾನು ಅಮ್ಮಂದಿರಿಗೆ ಬರೀತಿಲ್ಲ, ನಿಮಗೆ ಬರೀತಿದೀನಿ. ಮಗುವಿನ ಮಾತು ಅಮ್ಮ ಒಬ್ಬಳ ಗುತ್ತಿಗೆನಾ? ಮನೇಲಿ ಚಿಕ್ಕಪ್ಪ, ಅತ್ತೆ, ಮಾವ ಅಂತ ಕರೆಸ್ಕೊಂಡು ರೀಲ್ಸ್ ನೋಡ್ತಾ ಬಿದ್ದಿರೋರು ನಾವು. ಅವರೆಕಾಯಿ ಸುಲೀತಾ ‘ಇದು ಕಾಳು, ಇದು ಸಿಪ್ಪೆ, ಎಲ್ಲಿ ಹುಳ?’ ಅನ್ನೋಕೆ ಯಾವ ಡಿಗ್ರಿ ಬೇಕು?
ಇನ್ನೊಂದು ಮಾತು. ‘ಬಾಲ್ ಕ್ಯಾಚ್ ಮಾಡು, ವಾಟರ್ ಡ್ರಿಂಕ್ ಮಾಡು’ ಅಂತ ಅಜ್ಜಿಯರನ್ನ ತಿದ್ದೋದು ಬಿಡಿ. ಎರಡು ಭಾಷೆ ಕೇಳಿದ್ರೆ ಮಗು ಕೆಡಲ್ಲ. ಆದ್ರೆ ಅಜ್ಜಿಗೆ ಬರದ ಇಂಗ್ಲಿಷ್ ಹೇರಿದ್ರೆ ಅವರು ಮಾತೇ ನಿಲ್ಲಿಸ್ತಾರೆ. ಆಗ ಮಗುವಿಗೆ ಆ ಇಂಗ್ಲಿಷೂ ಇಲ್ಲ, ಅಜ್ಜಿಯ ಕನ್ನಡವೂ ಇಲ್ಲ.

6/6
ಆ ವಿಡಿಯೊ ಡಿಲೀಟ್ ಮಾಡಿದೆ. ಅಜ್ಜಿ ಹತ್ರ ತಪ್ಪಾಯ್ತು ಅಂದೆ. ‘ನಿಂಗೂ ಹಿಂಗೇ ತಿನ್ಸಿದ್ದು ಕಣೇ’ ಅಂದ್ರು, ಅಷ್ಟೇ.
ಇವತ್ತು ಒಂದು ಕೆಲಸ ಮಾಡಿ. ಮನೇಲೋ ಪಕ್ಕದ ಮನೇಲೋ ಇರೋ ಮಗುವಿನ ಹತ್ರ ಫೋನ್ ಮಗುಚಿಟ್ಟು 10 ನಿಮಿಷ ಕೂತ್ಕೊಳ್ಳಿ. ಅದು ಏನು ನೋಡುತ್ತೋ ಅದರ ಹೆಸರು ಹೇಳಿ. ಅದು ಏನಾದ್ರೂ ಅಂದ್ರೆ ಉತ್ತರ ಕೊಡಿ. ರಾಗ ಎಳೆಯೋಕೆ ನಾಚಿಕೆ ಬೇಡ.
ನಿಮ್ಮನೇಲಿ ‘ಮಮ್ಮು’ಗೆ, ‘ತಾಚಿ’ಗೆ ಏನಂತಾರೆ? ಕಮೆಂಟಲ್ಲಿ ಬರೀರಿ.

#ಮಕ್ಕಳಮಾತು #ಅಜ್ಜಿಯಕನ್ನಡ #ಫೋನ್‌ಮಗುಚಿಡಿ