ಹೋಂ ಸ್ಟೇ ಆದಾಯ: ಬಾಡಿಗೆಯೋ, ವ್ಯವಹಾರವೋ?

ಮಡಿಕೇರಿ: ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಸೀಮೆಯ ಕಾಫಿ ತೋಟಗಳಲ್ಲಿ ಪ್ರವಾಸಿಗರಿಗೆ ಕೋಣೆ ಕೊಟ್ಟು ಗಳಿಸಿದ ಹಣವನ್ನು ಆದಾಯ ತೆರಿಗೆ ರಿಟರ್ನ್ಸ್‌ನ ಯಾವ ಅಂಕಣದಲ್ಲಿ ತೋರಿಸಬೇಕು? ಮೇಲ್ನೋಟಕ್ಕೆ ಇದು ಲೆಕ್ಕ ಪರಿಶೋಧಕರ ಮೇಜಿನ ಮೇಲೆ ಮುಗಿಯಬೇಕಾದ ಪ್ರಶ್ನೆ. ಆದರೆ ಉತ್ತರ ಯಾವುದೆಂಬುದರ ಮೇಲೆ, 10 ಲಕ್ಷ ರೂಪಾಯಿಯ ಒಂದೇ ವಹಿವಾಟಿಗೆ ತೆರಿಗೆಗೆ ಒಳಪಡುವ ಆದಾಯ 60 ಸಾವಿರ ರೂಪಾಯಿಯೂ ಆಗಬಹುದು, 7 ಲಕ್ಷ ರೂಪಾಯಿಯೂ ಆಗಬಹುದು. ಕಾಫಿ, ಕಾಳುಮೆಣಸಿನ ಬೆಲೆಯ ಏರಿಳಿತದ ನಡುವೆ ಹೋಂ ಸ್ಟೇಯನ್ನು ಎರಡನೆಯ ಆಧಾರವಾಗಿ ನೆಚ್ಚಿಕೊಂಡ ಕುಟುಂಬಗಳಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಮೊದಲು ಒಂದು ತಪ್ಪು ಗ್ರಹಿಕೆಯನ್ನು ಬದಿಗಿಡಬೇಕು. ತೋಟದೊಳಗಿನ ಮನೆಯಿಂದ ಬಂದದ್ದೆಲ್ಲವೂ ತೋಟದ ಆದಾಯ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ಅದನ್ನು ತೋರಿಸುವ ಅಗತ್ಯವೂ ಇಲ್ಲ ಎಂಬ ಮಾತು ಬೆಳೆಗಾರರ ನಡುವೆ ಹಳೆಯದು. ಕೃಷಿ ಭೂಮಿಯಲ್ಲಿರುವ, ಬೇಸಾಯಕ್ಕೆ ಬೇಕಾದ ವಾಸದ ಮನೆ ಅಥವಾ ಉಗ್ರಾಣದಿಂದ ಬರುವ ಆದಾಯವನ್ನು 1961ರ ಆದಾಯ ತೆರಿಗೆ ಕಾಯ್ದೆ ಕೃಷಿ ಆದಾಯವೆಂದು ಪರಿಗಣಿಸಿದ್ದು ನಿಜ. ಆದರೆ 2000ದ ಹಣಕಾಸು ಕಾಯ್ದೆಯು ಇದಕ್ಕೆ ಒಂದು ವಿವರಣೆಯನ್ನು ಸೇರಿಸಿತು. ಅಂತಹ ಕಟ್ಟಡವನ್ನು ಅಥವಾ ಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಿದರೆ, ವಾಸಕ್ಕೆ ಬಾಡಿಗೆ ಕೊಟ್ಟರೂ ಸೇರಿದಂತೆ, ಆ ಆದಾಯ ಕೃಷಿ ಆದಾಯವಾಗದು ಎಂಬುದೇ ಆ ವಿವರಣೆ. ಅಂದರೆ ತೋಟದ ಬಂಗಲೆಯ ಕೋಣೆ ಬಾಡಿಗೆಯು ಕೃಷಿಯ ಹೊದಿಕೆಯಿಂದ ಹೊರಬಂದು ಎರಡು ದಶಕಗಳಿಗೂ ಹೆಚ್ಚು ಕಾಲವಾಗಿದೆ.

ಹಾಗಿದ್ದರೆ ಅದು ಏನು? ಇಲ್ಲಿಂದಲೇ ಗೊಂದಲ ಆರಂಭ. ಕಾಯ್ದೆಯ ಮುಂದೆ ಎರಡು ದಾರಿಗಳಿವೆ. ಒಂದು, ಗೃಹ ಆಸ್ತಿಯಿಂದ ಬಂದ ಆದಾಯ. ಇನ್ನೊಂದು, ವ್ಯವಹಾರದ ಲಾಭ. ಗೃಹ ಆಸ್ತಿಯೆಂದಾದರೆ, ಬಂದ ಬಾಡಿಗೆಯಲ್ಲಿ ಸ್ಥಳೀಯ ಸಂಸ್ಥೆಗೆ ಕಟ್ಟಿದ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ಶೇ 30ರಷ್ಟು ಕಡಿತ ದೊರೆಯುತ್ತದೆ. ಸಾಲವಿದ್ದರೆ ಬಡ್ಡಿಯದು ಬೇರೆ ಲೆಕ್ಕ. ಅಡುಗೆಯವರ ಸಂಬಳ, ದಿನಸಿ, ಹಾಸಿಗೆ ಹೊದಿಕೆಯ ಒಗೆತ, ವಿದ್ಯುತ್ ಬಿಲ್ಲು, ಬುಕಿಂಗ್ ಸಂಸ್ಥೆಯ ಕಮಿಷನ್ ಇವುಗಳಿಗೆ ಅಲ್ಲಿ ಜಾಗವೇ ಇಲ್ಲ. ವ್ಯವಹಾರವೆಂದಾದರೆ ಈ ಖರ್ಚುಗಳೆಲ್ಲವನ್ನೂ ಕಳೆಯಬಹುದು; ಅಥವಾ 44ಎಡಿ ವಿಧಿಯ ಅಂದಾಜು ಪದ್ಧತಿಯಲ್ಲಿ, ಬ್ಯಾಂಕ್ ಮತ್ತು ವಿದ್ಯುನ್ಮಾನ ಮಾರ್ಗದಲ್ಲಿ ಬಂದ ಮೊತ್ತಕ್ಕೆ ಕನಿಷ್ಠ ಶೇ 6, ನಗದಿಗೆ ಕನಿಷ್ಠ ಶೇ 8ರಷ್ಟು ಲಾಭ ತೋರಿಸಿದರೆ ಸಾಕು.

ವರ್ಷಕ್ಕೆ 10 ಲಕ್ಷ ರೂಪಾಯಿ ಪೂರ್ತಿಯಾಗಿ ಬ್ಯಾಂಕಿನ ಮೂಲಕ ಬಂದ ಒಂದು ಹೋಂ ಸ್ಟೇಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಂದಾಜು ಪದ್ಧತಿಯಲ್ಲಿ ಕನಿಷ್ಠ ಆದಾಯ 60 ಸಾವಿರ. ಗೃಹ ಆಸ್ತಿಯ ಲೆಕ್ಕದಲ್ಲಿ ಹೆಚ್ಚು ಕಡಿಮೆ 7 ಲಕ್ಷ. ಖರ್ಚೆಲ್ಲ ಕಳೆದು ಮಾಲೀಕರ ಕೈಯಲ್ಲಿ ನಿಜವಾಗಿ 4 ಲಕ್ಷ ಉಳಿಯಿತೆಂದುಕೊಂಡರೆ, ಮೊದಲ ಲೆಕ್ಕದಿಂದ ಬೊಕ್ಕಸಕ್ಕೆ ನಷ್ಟ, ಎರಡನೆಯದರಿಂದ ಮಾಲೀಕರಿಗೆ ನಷ್ಟ.

ಬೆಳೆಗಾರರ ಮಟ್ಟಿಗೆ ಇದಕ್ಕೆ ಇನ್ನೊಂದು ಪದರವಿದೆ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲದಿದ್ದರೂ, ಅದು 5 ಸಾವಿರ ರೂಪಾಯಿ ಮೀರಿದ್ದು ಕೃಷಿಯೇತರ ಆದಾಯವೂ ತೆರಿಗೆರಹಿತ ಮಿತಿಯನ್ನು ದಾಟಿದರೆ, ಎರಡನ್ನೂ ಕೂಡಿಸಿ ತೆರಿಗೆಯ ದರವನ್ನು ನಿರ್ಧರಿಸಲಾಗುತ್ತದೆ. 2025-26ರ ಹೊಸ ಪದ್ಧತಿಯಲ್ಲಿ ಆ ಮಿತಿ 4 ಲಕ್ಷ. ಬೇರೆ ಆದಾಯವಿಲ್ಲದ ಬೆಳೆಗಾರ 60 ಸಾವಿರ ತೋರಿಸಿದರೆ ಈ ಕೂಡಿಕೆಯೇ ನಡೆಯದು. 7 ಲಕ್ಷ ತೋರಿಸಿದರೆ ತೋಟದ ಆದಾಯವೂ ಲೆಕ್ಕಕ್ಕೆ ಬಂದು ಮೇಲಿನ ಹಂತದ ದರ ಬೀಳುತ್ತದೆ. 12 ಲಕ್ಷದವರೆಗಿನ ಆದಾಯಕ್ಕೆ ಸಿಗುವ, ಗರಿಷ್ಠ 60 ಸಾವಿರ ರೂಪಾಯಿಯ ರಿಯಾಯಿತಿಯಿಂದ ಸಣ್ಣ ಬೆಳೆಗಾರರಲ್ಲಿ ಹಲವರು ಪಾರಾಗಬಹುದು. ಕಾಫಿಯನ್ನು ತಾವೇ ಕ್ಯೂರಿಂಗ್ ಮಾಡಿ ಮಾರುವವರ ಆದಾಯದಲ್ಲಿ ಶೇ 25ರಷ್ಟು ಮೊದಲೇ ವ್ಯವಹಾರದ ಆದಾಯವೆನಿಸುವುದರಿಂದ ಅವರು ಆ ಮಿತಿಗೆ ಬೇಗನೆ ತಲುಪುತ್ತಾರೆ.

ಎರಡು ದಾರಿಗಳ ನಡುವಿನ ಆಯ್ಕೆ 2024ರವರೆಗೆ ಬಹುಮಟ್ಟಿಗೆ ಸಂದರ್ಭಕ್ಕೆ ಬಿಟ್ಟದ್ದಾಗಿತ್ತು. ಬಾಡಿಗೆಗೆ ಕೊಡುವುದೇ ಸಂಸ್ಥೆಯೊಂದರ ಮುಖ್ಯ ಕಸುಬಾಗಿದ್ದರೆ ಆ ಬಾಡಿಗೆ ವ್ಯವಹಾರದ ಆದಾಯವೇ ಎಂದು ಚೆನ್ನೈ ಪ್ರಾಪರ್ಟೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತ್ತು. ಆದರೆ 2024ರ ಜುಲೈ ಬಜೆಟ್‌ನೊಂದಿಗೆ ಬಂದ ತಿದ್ದುಪಡಿಯು, ವಾಸದ ಮನೆಯನ್ನಾಗಲೀ ಅದರ ಭಾಗವನ್ನಾಗಲೀ ಮಾಲೀಕರು ಬಾಡಿಗೆಗೆ ಕೊಟ್ಟು ಪಡೆದ ಆದಾಯ ವ್ಯವಹಾರದ ಶೀರ್ಷಿಕೆಯಡಿ ಬಾರದು, ಗೃಹ ಆಸ್ತಿಯಡಿಯೇ ಬರಬೇಕು ಎಂದು ವಿಧಿಸಿತು. ಬಾಡಿಗೆಯನ್ನು ವ್ಯವಹಾರವೆಂದು ತೋರಿಸಿ ತೆರಿಗೆ ತಗ್ಗಿಸಿಕೊಳ್ಳುವುದನ್ನು ತಡೆಯುವುದು ಇದರ ಉದ್ದೇಶ ಎಂಬುದು ಸರ್ಕಾರವೇ ನೀಡಿದ ಕಾರಣ. 2024-25ರ ಆದಾಯದಿಂದಲೇ ಇದು ಅನ್ವಯ.

ಉದ್ದೇಶದ ಬಗ್ಗೆ ತಕರಾರಿಲ್ಲ. ನಗರದಲ್ಲಿ ನಾಲ್ಕು ಮನೆ ಬಾಡಿಗೆಗೆ ಕೊಟ್ಟವರು ಅದನ್ನೊಂದು ಉದ್ಯಮವೆಂದು ಕರೆದು ಕಾರಿನ ಖರ್ಚನ್ನೂ ಕಳೆಯುವುದು ಸರಿಯಲ್ಲ. ಆದರೆ ಹೋಂ ಸ್ಟೇ ಎಂಬುದು ಮನೆ ಬಾಡಿಗೆಯೇ? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂ ಸ್ಟೇ ಯೋಜನೆಯು ಮಾಲೀಕರು ಕುಟುಂಬ ಸಮೇತ ಅದೇ ಆವರಣದಲ್ಲಿ ವಾಸವಿರಬೇಕೆಂದೂ ಕೋಣೆಗಳು ಆರಕ್ಕಿಂತ ಹೆಚ್ಚಿರಬಾರದೆಂದೂ ಹೇಳುತ್ತದೆ. ಬಂದವರಿಗೆ ಬೆಳಗ್ಗೆ ಅಕ್ಕಿ ರೊಟ್ಟಿ, ರಾತ್ರಿ ಬಿಸಿ ಊಟ, ದಿನಕ್ಕೊಮ್ಮೆ ಕೋಣೆ ಸ್ವಚ್ಛತೆ, ತೋಟ ಸುತ್ತಿಸಲು ಜೊತೆಗೊಬ್ಬರು. ಅತಿಥಿಗೆ ಮನೆಯ ಸ್ವಾಧೀನ ಸಿಗುವುದಿಲ್ಲ, ಸಿಗುವುದು ಆತಿಥ್ಯ. ಇದನ್ನು ಬಾಡಿಗೆ ಎನ್ನುವುದಕ್ಕಿಂತ ಸಣ್ಣ ಪ್ರಮಾಣದ ವಸತಿಗೃಹ ಎನ್ನುವುದೇ ಹೆಚ್ಚು ಸರಿ. ಇತ್ತ, ಬೆಂಗಳೂರಿನಲ್ಲಿರುವವರು ತೋಟದ ಮನೆ ಖರೀದಿಸಿ, ಕೀಲಿ ಕೈಯನ್ನು ಕಾವಲುಗಾರನ ಬಳಿ ಬಿಟ್ಟು, ಇಡೀ ಮನೆಯನ್ನು ವಾರಾಂತ್ಯಕ್ಕೆ ಕೊಡುವುದೂ ಉಂಟು. ಅದಕ್ಕೂ ಫಲಕದ ಮೇಲೆ ಹೋಂ ಸ್ಟೇ ಎಂದೇ ಹೆಸರು! ತಿದ್ದುಪಡಿಯ ಪದಗಳು ಇವೆರಡನ್ನೂ ಬೇರ್ಪಡಿಸುವುದಿಲ್ಲ. ದಿನದ ಲೆಕ್ಕದ ವಸತಿಯನ್ನು ಅವು ಹೆಸರಿಸುವುದೂ ಇಲ್ಲ.

ಸರ್ಕಾರದ ಇತರ ಕೈಗಳು ಈ ವಿಷಯದಲ್ಲಿ ಬೇರೆಯೇ ಮಾತನಾಡುತ್ತವೆ ಎಂಬುದು ಗಮನಾರ್ಹ. ಸರಕು ಮತ್ತು ಸೇವಾ ತೆರಿಗೆಯ (ಜಿಎಸ್‌ಟಿ) ಕಣ್ಣಿಗೆ ಇದು ವಸತಿ ಸೇವೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 5, ಅದಕ್ಕೆ ಮೊದಲು ಶೇ 12 ಇತ್ತು. 2025ರ ಫೆಬ್ರುವರಿ ಬಜೆಟ್ ಹೋಂ ಸ್ಟೇಗಳಿಗೆ ಮುದ್ರಾ ಸಾಲ ಘೋಷಿಸಿತು. ಮುದ್ರಾ ಎಂಬುದು ಕಿರು ಉದ್ಯಮಗಳಿಗಾಗಿ ಇರುವ ಸಾಲ. ಸಾಲ ಕೊಡುವಾಗ ಉದ್ಯಮ, ತೆರಿಗೆ ಕೇಳುವಾಗ ಬಾಡಿಗೆ ಎಂಬಂತಾದರೆ ಬ್ಯಾಂಕಿಗೆ ಯಾವ ರಿಟರ್ನ್ಸ್ ತೋರಿಸುವುದು?

ವರದಿ ಮಾಡುವ ನಿಯಮಗಳೂ ಈ ತೊಡಕನ್ನು ಹೆಚ್ಚಿಸಿವೆ. ಏರ್‌ಬಿಎನ್‌ಬಿ, ಮೇಕ್‌ಮೈಟ್ರಿಪ್‌ನಂತಹ ಜಾಲತಾಣಗಳ ಮೂಲಕ ಬುಕಿಂಗ್ ಆದಾಗ, 194-ಒ ವಿಧಿಯಂತೆ ಆ ಸಂಸ್ಥೆಗಳು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕು. ಶೇ 1 ಇದ್ದ ಈ ಕಡಿತ 2024ರ ಅಕ್ಟೋಬರ್ 1ರಿಂದ ಶೇ 0.1ಕ್ಕೆ ಇಳಿದಿದೆ, ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕಡಿತವಿಲ್ಲ. ಮೊತ್ತ ಅಲ್ಪ. ಆದರೆ ಕಡಿತ ಲೆಕ್ಕ ಹಾಕುವುದು ಕಮಿಷನ್ ಕಳೆಯುವ ಮುಂಚಿನ ಪೂರ್ಣ ಮೊತ್ತದ ಮೇಲೆ. ಮಾಲೀಕರ ಬ್ಯಾಂಕ್ ಖಾತೆಗೆ ಬರುವುದು ಕಮಿಷನ್ ಕಳೆದ ಹಣ. ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣುವುದು ಅದಕ್ಕಿಂತ ದೊಡ್ಡ ಅಂಕಿ. ಪಾಸ್‌ಬುಕ್ ನೋಡಿ ರಿಟರ್ನ್ಸ್ ಸಲ್ಲಿಸಿದವರಿಗೆ ಈ ಅಂತರದ ಬಗ್ಗೆ ಪ್ರಶ್ನೆ ಬರುವುದು ಸಹಜ.

ಜಿಎಸ್‌ಟಿಯಲ್ಲಿ ಇನ್ನೊಂದು ವೈಚಿತ್ರ್ಯ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸೇವಾದಾರರಿಗೆ ನೋಂದಣಿ ಬೇಕಿಲ್ಲ. ಆದರೂ ಅವರ ಕೋಣೆ ಜಾಲತಾಣದ ಮೂಲಕ ಬುಕ್ ಆದರೆ ತೆರಿಗೆಯನ್ನು ಜಾಲತಾಣವೇ ಕಟ್ಟಬೇಕು. ಅದೇ ಕೋಣೆಯನ್ನು ಅತಿಥಿ ನೇರವಾಗಿ ಫೋನ್ ಮಾಡಿ ಕಾದಿರಿಸಿದರೆ ತೆರಿಗೆಯಿಲ್ಲ. ಹೀಗಾಗಿ ಲೆಕ್ಕಕ್ಕೆ ಸಿಗುವ ದಾರಿ ದುಬಾರಿ, ಲೆಕ್ಕಕ್ಕೆ ಸಿಗದ ದಾರಿ ಅಗ್ಗ. ಮುಂದಿನ ಸಲ ನೇರವಾಗಿ ಕರೆ ಮಾಡಿ ಎಂದು ಮಾಲೀಕರು ಹೇಳಿದರೆ ಅದಕ್ಕೆ ಕಮಿಷನ್ ಉಳಿತಾಯವೊಂದೇ ಕಾರಣವಲ್ಲ.

ಆದರೆ ನೇರ ಹಣ ಕಣ್ಣಿಗೆ ಬೀಳದು ಎಂಬ ಧೈರ್ಯಕ್ಕೆ ಈಗ ಆಧಾರವಿಲ್ಲ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಪಾವತಿಗಳ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದು, ಬೇಕರಿ, ತರಕಾರಿ ಅಂಗಡಿಯವರು ಬೀದಿಗಿಳಿದದ್ದು ಎಲ್ಲರಿಗೂ ಗೊತ್ತಿದೆ. ಹೋಂ ಸ್ಟೇಯ ಫೋನ್‌ಗೆ ಬರುವ ಮುಂಗಡವೂ ಅದೇ ಯುಪಿಐ ಮೂಲಕ ಬರುತ್ತದೆ.

ಪ್ರಾಮಾಣಿಕವಾಗಿ ಲೆಕ್ಕ ಕೊಡಲು ಹೊರಟವರಿಗೂ ದಾರಿ ಸುಗಮವಲ್ಲ. ಅಂದಾಜು ಪದ್ಧತಿಯವರಿಗಾಗಿ ರೂಪಿಸಿದ ಸರಳ ನಮೂನೆ ಐಟಿಆರ್-4. ಆದರೆ ಕೃಷಿ ಆದಾಯ 5 ಸಾವಿರ ಮೀರಿದವರು ಅದನ್ನು ಬಳಸುವಂತಿಲ್ಲ. ಕಾಫಿ ಬೆಳೆಗಾರರಲ್ಲಿ ಈ ಮಿತಿಯೊಳಗೆ ಉಳಿಯುವವರು ಯಾರು? ಅವರು ಉದ್ದನೆಯ ಐಟಿಆರ್-3ನ್ನೇ ತುಂಬಬೇಕು. ಕೃಷಿ ಆದಾಯ 5 ಲಕ್ಷ ದಾಟಿದ್ದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ಅಳತೆ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯದೋ ಮಳೆಯಾಶ್ರಿತವೋ ಎಂಬುದನ್ನೂ ಬರೆಯಬೇಕು.

ಕುಟುಂಬದ ಆಸ್ತಿಯಾದರೆ ಪ್ರಶ್ನೆ ಮತ್ತಷ್ಟು ಬಿಗಿಯಾಗುತ್ತದೆ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು, ಜಾಲತಾಣದಲ್ಲಿ ಪ್ಯಾನ್ ಮಾತ್ರ ಒಬ್ಬರದು. ಗೃಹ ಆಸ್ತಿಯ ಆದಾಯವೆಂದರೆ ನಿಶ್ಚಿತ ಪಾಲುಳ್ಳ ಸಹ ಮಾಲೀಕರು ತಂತಮ್ಮ ಪಾಲನ್ನು ಬೇರೆ ಬೇರೆಯಾಗಿ ತೋರಿಸಬಹುದು. ವ್ಯವಹಾರವೆಂದರೆ ನಡೆಸುವವರದೇ ಆದಾಯ. ಇಲ್ಲಿಯೂ ಮೂಲ ಪ್ರಶ್ನೆಗೆ ಉತ್ತರವಿಲ್ಲದೆ ಮುಂದಿನ ಹೆಜ್ಜೆಯಿಲ್ಲ.

2026ರ ಏಪ್ರಿಲ್ 1ರಿಂದ ಹಳೆಯ ಕಾಯ್ದೆಯ ಸ್ಥಾನ 2025ರ ಆದಾಯ ತೆರಿಗೆ ಕಾಯ್ದೆಯದು. ಭಾಷೆಯನ್ನು ಸರಳಗೊಳಿಸುವುದು ಹೊಸ ಕಾಯ್ದೆಯ ಗುರಿಯೇ ಹೊರತು ತೆರಿಗೆ ನೀತಿಯನ್ನು ಬದಲಿಸುವುದಲ್ಲ ಎಂದು ಸರ್ಕಾರ ಹೇಳಿದೆ. ಆದ್ದರಿಂದ ಈ ಗಂಟನ್ನು ಬಿಡಿಸಬೇಕಾದದ್ದು ಕೇಂದ್ರ ನೇರ ತೆರಿಗೆ ಮಂಡಳಿ. ಮಾಲೀಕರ ವಾಸ, ಊಟೋಪಚಾರ, ದಿನನಿತ್ಯದ ಸೇವೆ ಇವಿಷ್ಟಿರುವ ಹೋಂ ಸ್ಟೇ ವ್ಯವಹಾರವೆಂದೂ, ಬರೀ ಕೀಲಿ ಕೈ ಕೊಡುವುದು ಬಾಡಿಗೆಯೆಂದೂ ಒಂದು ಸುತ್ತೋಲೆ ಹೊರಡಿಸಲು ಹೊಸ ಕಾನೂನೇನೂ ಬೇಕಿಲ್ಲ. ಅಲ್ಲಿಯವರೆಗೆ ವ್ಯವಹಾರವೆಂದು ತೋರಿಸುವವರು ಅತಿಥಿಗಳ ದಾಖಲೆ ಪುಸ್ತಕ, ಊಟದ ಬಿಲ್ಲು, ಕೆಲಸಗಾರರ ಸಂಬಳದ ರಸೀದಿ, ಜಾಲತಾಣದ ಕಮಿಷನ್ ವಿವರಗಳನ್ನು ವರ್ಷವಾರು ಜೋಡಿಸಿಡಬೇಕಾಗುತ್ತದೆ. ನೀಡಿದ್ದು ಕೋಣೆಯನ್ನಷ್ಟೇ ಅಲ್ಲ, ಸೇವೆಯನ್ನೂ ಎಂದು ತೋರಿಸಲು ಅವರ ಬಳಿ ಇರುವ ಸಾಕ್ಷ್ಯ ಅದೇ.